ಹೆಸರು ಹಿಡಿದು ಕರೆಯಬಾರದ ಹುಡುಗಿ

ರಾತ್ರಿ ಬಿದ್ದ ಹಿಮವನ್ನು ಇನ್ನೂ ಯಾರೂ ತುಳಿದಿರಲಿಲ್ಲ. ಅಂಗಳದ ಮೂಲೆಯಲ್ಲಿ, ಮಕ್ಕಳ ಉಯ್ಯಾಲೆ ಕಂಬದ ಆಚೆ, ಮಿರಗುಲ್ ಶಿರ್ದಾಕನ್ನು ಬೋರಲು ಹಾಸಿ ಬೆತ್ತದ ಬಡಿಗೆಯಿಂದ ಬಡಿಯುತ್ತಿದ್ದಳು. ಕೆಂಪು ಕಪ್ಪು ಕೊಂಬುಗಳ ಚಿತ್ತಾರವಿದ್ದ ದಪ್ಪ ಉಣ್ಣೆಹಾಸು ಅದು; ಅತ್ತೆ ಉಮ್ಸುನಾಯ್ ಹಿಂದೊಂದು ಚಳಿಗಾಲವೆಲ್ಲ ಕೂತು ಹೊಲಿದದ್ದು. ಒಂದು ಕಡೆ ಬಡಿದು ಪಕ್ಕಕ್ಕೆ ಎಳೆದರೆ ಹಿಮದ ಮೇಲೆ ಹಾಸಿನಷ್ಟೇ ಅಗಲದ ಬೂದು ಮಚ್ಚೆ ಉಳಿಯುತ್ತಿತ್ತು. ಮತ್ತೆ ಶುಭ್ರವಾದ ಜಾಗ ನೋಡಿ ಎಳೆಯಬೇಕು, ಮತ್ತೆ ಬಡಿಯಬೇಕು, ಮಚ್ಚೆ ಬೀಳುವುದು ನಿಲ್ಲುವವರೆಗೆ. ಸಂಜೆ ಅತ್ತೆ ಬರುವವಳಿದ್ದಳು. ಹಳ್ಳಿಯಲ್ಲಿ ಕೊಟ್ಟಿಗೆಯ ಮುಂದೆ ಜಾರಿ ಬಿದ್ದು ಸೊಂಟ ಮುರಿದುಕೊಂಡು, ರಾಜಧಾನಿಯ ಆಸ್ಪತ್ರೆಯಲ್ಲಿದ್ದು, ಆಮೇಲೆ ಅಲ್ಲೇ ದೊಡ್ಡ ಮಗಳ ಮನೆಯಲ್ಲಿ ಕೋಲು ಹಿಡಿದು ನಡೆಯುವುದು ಕಲಿತು, ಈಗ ಹಳ್ಳಿಗೆ ಹಿಂದಿರುಗುವ ದಾರಿಯಲ್ಲಿದ್ದಾಳೆ. ಬಂದವಳು ಗೋಡೆ ನೋಡುವುದಿಲ್ಲ, ಪರದೆ ನೋಡುವುದಿಲ್ಲ. ಬೂಟು ಬಿಚ್ಚುತ್ತಲೇ ಬಗ್ಗಿ ಈ ಹಾಸಿನ ಅಂಚನ್ನು ಬೆರಳಲ್ಲಿ ಉಜ್ಜಿ, ಬೆರಳನ್ನು ನೋಡಿಕೊಳ್ಳುತ್ತಾಳೆ. ಏನೂ ಹೇಳುವುದಿಲ್ಲ. ಹೇಳದಿರುವುದೇ ಅವಳ ಮಾತು.

ಚಳಿ ಹೆಚ್ಚಾಯಿತೆಂದು ಶಾಲೆಗೆ ರಜೆ ಕೊಟ್ಟಿದ್ದರು. ಮಕ್ಕಳಿಬ್ಬರೂ ಮೇಲೆ ಮನೆಯಲ್ಲಿದ್ದರು. ಅವರಿಬ್ಬರನ್ನೇ ಬಿಟ್ಟು ಬಂದದ್ದಕ್ಕೆ ಒಂದು ಕಿವಿ ಮೇಲೆಯೇ ಇತ್ತು. ಕೆಳಮನೆಯ ಕಾನಿಶಾಯ್ ಬೂದಿಯ ಬಕೆಟ್ ಹಿಡಿದು ಹೊರಬಂದವಳು ಸುಮ್ಮನೆ ಹೋಗಲಿಲ್ಲ. ಆ ಮುದುಕಿ ಸುಮ್ಮನೆ ಹೋದ ದಿನವೇ ಇರಲಿಲ್ಲ.

"ಅದ್ಯಾಕೆ ಹಾಗೆ ಬಡೀತೀಯೇ, ಹಾಸು ಸತ್ತೇ ಹೋಗತ್ತೆ. ಅತ್ತೆ ಬರ್ತಾಳೆ ಅಂತ ಗೊತ್ತಾಯ್ತು ಬಿಡು."

"ಧೂಳು ಜಾಸ್ತಿ ಇದೆ, ಅಮ್ಮ."

"ಧೂಳಲ್ಲ, ಸಿಟ್ಟು." ಕಾನಿಶಾಯ್ ಬಕೆಟ್ ಕೆಳಗಿಟ್ಟು ಸೊಂಟಕ್ಕೆ ಕೈಯಿಟ್ಟಳು. "ನಿನ್ನೆ ನಿನ್ನ ಆ ಹುಡುಗಿ ಇಲ್ಲೇ ನಿಂತು ಕಂಬಳಿ ಬಡೀತಿದ್ಳಲ್ಲ, ಕಿಟಕೀಲಿ ನೋಡಿ ನೀನೇ ಅಂದ್ಕೊಂಡೆ. ಅದೇ ಎಡಗೈ, ಅದೇ ಬೀಸು. ನಾದಿನಿ ಅಂತೆ ನಾದಿನಿ. ಕಣ್ಣಿರೋರಿಗೆ ಗೊತ್ತಾಗಲ್ವೇನೇ ಯಾರ ಹೊಟ್ಟೇಲಿ ಹುಟ್ಟಿದ್ದು ಅಂತ?"

ಬಡಿಗೆ ಮೇಲೆತ್ತಿದ ಕೈ ಹಾಗೇ ನಿಂತಿತು. ಮೆಟ್ಟಿಲ ಬಾಗಿಲಲ್ಲಿ, ಕಾಲುಚೀಲದ ಮೇಲೆಯೇ ಮಿರಗುಲಳ ದೊಡ್ಡ ಬೂಟು ಸಿಕ್ಕಿಸಿಕೊಂಡು, ಅತ್ತೆ ಆಸ್ಪತ್ರೆ ಸೇರಿದಾಗಿನಿಂದ ಈ ಮನೆಯಲ್ಲಿದ್ದ ಬೆರ್ಮೆತ್ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮುಖದಲ್ಲಿ ಏನೂ ಇರಲಿಲ್ಲ. ಕೈಯಲ್ಲಿ ಫೋನಿತ್ತು.

"ಅತ್ತಿಗೆ, ಫೋನು. ಅಣ್ಣಂದು."

ಗಂಡ ಎರ್ಕಿನ್‌ನ ಧ್ವನಿಯ ಹಿಂದೆ ಗಾಡಿಯ ಸದ್ದಿತ್ತು. ಕಣಿವೆ ದಾರಿಯ ಹಿಮ ತೆಗೆದಿದ್ದಾರೆ, ಸಂಜೆಗೆ ಬಂದುಬಿಡ್ತೀವಿ, ಅಮ್ಮ ಹಿಂದೆ ಕಾಲು ಚಾಚ್ಕೊಂಡು ಕೂತಿದಾಳೆ, ದಾರಿಯುದ್ದಕ್ಕೂ ನಂಗೆ ಗಾಡಿ ಓಡಿಸೋದು ಹೇಳಿಕೊಡ್ತಿದಾಳೆ ಅಂದ. ಅವಳು ನಗಬೇಕಿತ್ತು. "ನಾಳೇನೇ ಊರಿಗೆ ಹೋಗ್ಬೇಕಂತಾ?" ಎಂದಳು. "ಮತ್ತೆ? ಕುರಿ ಎಲ್ಲ ಪಕ್ಕದ ಮನೆಯೋರ ಕೈಲಿದೆ. ಹುಡುಗೀನೂ ಕರ್ಕೊಂಡ್ಹೋಗ್ತಾಳೆ. ಅವಳಿಲ್ದೆ ಅಮ್ಮಂಗೆ ಕೈಕಾಲೇ ಆಡಲ್ಲ ಅಂತ ನಿಂಗೊತ್ತಲ್ಲ." ಅವನು ಮಾತನ್ನು ಸ್ವಲ್ಪ ಅವಸರದಲ್ಲೇ ಹೇಳಿ ಮುಗಿಸಿದ. ಆಮೇಲೆ ಅತ್ತೆಯ ಧ್ವನಿ ಹತ್ತಿರವಾಯಿತು, "ಸೊಸೆ, ನನ್ನ ಮಗಳಿಗೆ ಕೊಡು ಫೋನು." ಮಿರಗುಲ್ ಕೊಟ್ಟಳು. ಕೊಡುವಾಗ, "ತಗೋ, ಮುದ್ದುಹುಡುಗಿ, ಅಮ್ಮ ಮಾತಾಡ್ತಾಳಂತೆ" ಎಂದಳು.

ಮುದ್ದುಹುಡುಗಿ. ಸೊಸೆಯಾದವಳು ಗಂಡನ ಮನೆಯವರ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ದೊಡ್ಡವರದ್ದಷ್ಟೇ ಅಲ್ಲ, ಗಂಡನ ತಮ್ಮಂದಿರದ್ದು, ತಂಗಿಯರದ್ದು ಕೂಡ. ಅವಳ ಓರಗೆಯ ಹೆಂಗಸರು ಯಾರೂ ಇದನ್ನು ಈಗ ಪಾಲಿಸುತ್ತಿರಲಿಲ್ಲ, ಆದರೆ ಉಮ್ಸುನಾಯ್ ಮನೆಯಲ್ಲಿ ಅದು ನಡೆಯುತ್ತಿತ್ತು. ಮೊದಲ ಮಗುವನ್ನು ಗಂಡನ ತಾಯಿತಂದೆ ತಮ್ಮದಾಗಿ ಸಾಕುವುದೂ ನಡೆಯುತ್ತಿತ್ತು. ಮಗು ಅವರದಾದ ದಿನದಿಂದ ಲೆಕ್ಕದಲ್ಲಿ ಅದು ಗಂಡನ ತಂಗಿ. ಹಾಗಾಗಿ ಹೆರಿಗೆಯ ನೋವಿನಲ್ಲಿ ಹಲ್ಲುಕಚ್ಚಿ ಮನಸ್ಸಿನಲ್ಲೇ ಆರಿಸಿಕೊಂಡಿದ್ದ ಹೆಸರನ್ನು ಮಿರಗುಲ್ ಒಮ್ಮೆಯೂ ಗಟ್ಟಿಯಾಗಿ ಕರೆಯಲಿಲ್ಲ. ಹೆಸರನ್ನೇನೋ ಅತ್ತೆ ಒಪ್ಪಿದ್ದಳು. ಒಪ್ಪಿ, ಮಗುವನ್ನು ತನ್ನ ನಿಲುವಂಗಿಯ ಕೊರಳಿನಿಂದ ಒಳಗಿಳಿಸಿ ಕೆಳಗಿನ ಅಂಚಿನಿಂದ ಹೊರತೆಗೆದು, ತಾನೇ ಹೆತ್ತಂತೆ ಮಾಡಿ, ಎತ್ತಿಕೊಂಡು ಹೋಗಿದ್ದಳು. ಹೋಗುವಾಗ ಈ ಶಿರ್ದಾಕನ್ನು ಸೊಸೆಯ ಮಡಿಲಿಗೆ ಹಾಕಿದ್ದಳು. ಬರಿಗೈಯಲ್ಲಿ ಯಾರಿಂದಲೂ ಏನನ್ನೂ ತೆಗೆದುಕೊಳ್ಳುವವಳಲ್ಲ ಅವಳು. ಮತ್ತು ಒಂದು ಮಾತು ಹೇಳಿದ್ದಳು: "ಅವಳಾಗಿ ಬಾಯಿಬಿಟ್ಟು ಕೇಳೋವರೆಗೆ ಯಾರೂ ಹೇಳಕೂಡದು. ಕೇಳಿದ ದಿನ ನಾನು ಅಡ್ಡ ಬರಲ್ಲ."

ಕೇಳಿದರೆ ಹೇಳಬಹುದು. ಕೇಳಿದರೆ ಮಾತ್ರ. ಬೂದಿ ಬಕೆಟ್ಟಿನ ಮುದುಕಿಯ ಮಾತು ಹುಡುಗಿಯ ಕಿವಿಗೆ ಬಿದ್ದಿದ್ದರೆ ಇವತ್ತು ಕೇಳಬಹುದು. ಸಂಜೆಯ ಒಳಗೆ. ಅತ್ತೆಯ ಕೋಲು ಮೆಟ್ಟಿಲ ಮೇಲೆ ಸದ್ದು ಮಾಡುವ ಮೊದಲು. ತನಗಾಗುತ್ತಿರುವುದು ಭಯವೋ ಆಸೆಯೋ ಮಿರಗುಲಳಿಗೇ ತಿಳಿಯಲಿಲ್ಲ. ಶಿರ್ದಾಕನ್ನು ಅಲ್ಲೇ ಹಿಮದ ಮೇಲೆ ಬಿಟ್ಟು ಮೇಲೆ ಹೋದಳು. ಹುಡುಗಿ ಮುಂದೆ ಮೆಟ್ಟಿಲು ಹತ್ತುತ್ತ ಫೋನಿನಲ್ಲಿ, "ಹೂಂ ಅಮ್ಮ, ಕಿವಿ ಮುಚ್ಕೊಂಡಿದೀನಿ ಅಮ್ಮ, ಹಲ್ಲುಜ್ಜಿದೀನಿ" ಎನ್ನುತ್ತಿದ್ದಳು. ಆ ಧ್ವನಿ ಈ ಮನೆಯಲ್ಲಿ ಇರುವುದಕ್ಕಿಂತ ಬೇರೆಯೇ ಆಗಿತ್ತು, ಸಡಿಲವಾಗಿ, ಚಪ್ಪಲಿ ಬಿಚ್ಚಿಟ್ಟ ಹಾಗೆ.

ಅಡಿಗೆಮನೆಯಲ್ಲಿ ಐದು ವರ್ಷದ ಮಗ ತಾಲಾಯ್ ಜಾಮಿನ ಬಟ್ಟಲಿಗೆ ನೇರ ಬೆರಳು ಹಾಕಿದ್ದ. ಮಿರಗುಲ್ ಕೂತದ್ದೇ ತಡ, ಮಡಿಲಿಗೆ ಹತ್ತಿ ಕೆನ್ನೆಗೆ ಜಾಮು ಹಚ್ಚಿದ. ಅವಳು ಅವನ ತಲೆಯನ್ನು ಮೂಸಲು ಬಗ್ಗಿದವಳು, ಎದುರಿಗೆ ಚಹಾ ಊದುತ್ತ ಕೂತ ಬೆರ್ಮೆತಳನ್ನು ನೋಡಿ, ಅವನನ್ನು ಕೆಳಗಿಳಿಸಿದಳು. "ಎಷ್ಟು ದೊಡ್ಡವನಾಗಿದೀಯ, ಕುರ್ಚೀಲಿ ಕೂತ್ಕೋ." ಅವನು ಅಳಲಿಲ್ಲ, ಬೆರಗಾದ. ಅತ್ತೆಯ ಮುಂದೆ ಮಗುವನ್ನು ಮುದ್ದಿಸುವುದು ಲಜ್ಜೆಗೇಡು ಎಂದು ಕಲಿತ ಮೈ, ಈಗ ಈ ಹುಡುಗಿಯ ಮುಂದೆಯೂ ಹಾಗೇ ಸೆಟೆದುಕೊಳ್ಳುತ್ತಿತ್ತು. ಬೆರ್ಮೆತ್ ಬಂದ ಮೇಲೆ ತಾನು ತಾಲಾಯ್‌ಗೆ ಮೋಸ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಮೋಸ ಮಾಡದಿದ್ದರೆ ಇವಳಿಗೆ ಮಾಡಿದಂತೆ. ಯಾವ ಕಡೆ ವಾಲಿದರೂ ಇನ್ನೊಂದು ಕಡೆಯಿಂದ ಚಹಾ ಚೆಲ್ಲುವ ತಟ್ಟೆ ಹಿಡಿದಂತೆ ಈ ಚಳಿಗಾಲವೆಲ್ಲ ಅವಳು ಮನೆಯೊಳಗೆ ಓಡಾಡಿದ್ದಳು.

"ಅತ್ತಿಗೆ, ಇವನ ಮೂಗು ಸೋರ್ತಿದೆ" ಎಂದಳು ಬೆರ್ಮೆತ್.

"ನೀನೇ ಒರೆಸು, ಅತ್ತೆ" ಎಂದ ತಾಲಾಯ್. "ನೀನು ನಂಗೆ ಅತ್ತೆ ಅಂತೆ. ಅಪ್ಪನ ತಂಗಿ ಅಂತೆ. ಇಷ್ಟುದ್ದ ಅತ್ತೆ." ಅವನು ಮೇಜಿನ ಮೇಲೆ ಒಂದು ಗೇಣು ತೋರಿಸಿದ.

"ನಿನ್ನ ಮೂಗೇ ಅಷ್ಟುದ್ದ ಇದೆ" ಎಂದು ಬೆರ್ಮೆತ್ ಎದ್ದು, ತನ್ನ ಕರವಸ್ತ್ರದಲ್ಲಿ ಅವನ ಮೂಗನ್ನು, ಕುರಿಮರಿಯ ಮೂತಿ ಒರೆಸುವವರ ಹಾಗೆ, ಒರಟಾಗಿ ಒರೆಸಿದಳು. ಎಡಗೈಯಲ್ಲಿ. ಹಳ್ಳಿಯಲ್ಲಿ ಉಮ್ಸುನಾಯ್ ಆ ಎಡಗೈಗೆ ಬಟ್ಟೆ ಸುತ್ತಿ ಬಲಗೈಯನ್ನು ಅಭ್ಯಾಸ ಮಾಡಿಸಿದ್ದಳು; ಉಣ್ಣುವುದು, ಬರೆಯುವುದು ಬಲಗೈಗೆ ಬಂದಿದ್ದವು. ಯೋಚಿಸದೆ ಮಾಡುವ ಕೆಲಸಗಳು ಮಾತ್ರ ಎಡಗೈಯಲ್ಲೇ ಉಳಿದಿದ್ದವು.

ಮುದುಕಿಯ ಮಾತು ಇವಳಿಗೆ ಕೇಳಿಸಿತೋ ಇಲ್ಲವೋ. ಮಿರಗುಲ್ ಎಣ್ಣೆಯಲ್ಲಿ ಕರಿಯುವ ಬೊರ್ಸೋಕ್ ರೊಟ್ಟಿತುಂಡುಗಳಿಗೆ ಹಿಟ್ಟು ನಾದಿದಳು, ನಾದುತ್ತ ಹುಡುಗಿಯ ಬೆನ್ನನ್ನು ನೋಡಿದಳು. ಕೇಳಿದರೆ ಏನು ಹೇಳಬೇಕೆಂಬುದನ್ನು ಅವಳು ಎಷ್ಟೋ ಸಲ ಸಿದ್ಧ ಮಾಡಿಕೊಂಡಿದ್ದಳು: ಹೌದು ಕಂದಾ, ನಾನೇ. ನಾನಾಗ ತುಂಬ ಚಿಕ್ಕವಳು. ಪದ್ಧತಿ ಹಾಗಿತ್ತು. ನಿನ್ನ ಅಮ್ಮನಿಗೆ ನೀನೆಂದರೆ ಪ್ರಾಣ. ಇದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಹೇಳದೆ ಉಳಿಯುವುದು ಒಂದಿತ್ತು. ಮಗು ಹೋದ ರಾತ್ರಿ ಎದೆ ಬಟ್ಟೆಯಲ್ಲಿ ಬಿಗಿದು ಕಟ್ಟಿಸಿಕೊಂಡು ಮಲಗಿದವಳು ಅಳುತ್ತೇನೆ ಅಂದುಕೊಂಡಿದ್ದಳು. ಅಳಲಿಲ್ಲ, ನಿದ್ದೆ ಬಂತು. ಎಷ್ಟೋ ವಾರಗಳ ಮೇಲೆ ಬಂದ, ಯಾರೂ ಎಬ್ಬಿಸದ, ಸಿಹಿಯಾದ ನಿದ್ದೆ. ಬೆಳಿಗ್ಗೆ ಎದ್ದಾಗ ಹಾಲು ಬಟ್ಟೆಯನ್ನು ದಾಟಿ ಹಾಸಿಗೆಯನ್ನು ತೋಯಿಸಿತ್ತು, ಮತ್ತು ಅವಳಿಗೆ ಹಗುರವಾಗಿತ್ತು. ಅರ್ಧಕ್ಕೆ ನಿಂತ ಓದು ನೆನಪಾಗಿತ್ತು. ಆ ಹಗುರವನ್ನು ಅವಳು ಯಾರಿಗೂ ಹೇಳಿರಲಿಲ್ಲ, ಎರ್ಕಿನ್‌ಗೂ.

ಮಧ್ಯಾಹ್ನ ಹಿಟ್ಟು ಉಬ್ಬಲು ಬಿಟ್ಟು ಮಕ್ಕಳಿಗೆ ಟೀವಿಯಲ್ಲಿ ಸಿನಿಮಾ ಹಾಕಿದಳು. ಯಾವುದೋ ದೇಶದ್ದು, ಸಂತೆಯಲ್ಲಿ ತಪ್ಪಿಸಿಕೊಂಡ ಹುಡುಗನೊಬ್ಬ ಊರೂರು ಅಲೆಯುವುದು, ನಡುವೆ ಒಂದು ಕುಂಟು ಒಂಟೆ, ಹಾಡು. ಮಕ್ಕಳು ನಗುವುದು ಕೇಳಿ ಸಮಾಧಾನವಾಗಿ ಒಲೆಯ ಪಕ್ಕ ನಿಂತು ಗ್ರಂಥಾಲಯದಿಂದ ತಂದಿದ್ದ ಕಾದಂಬರಿಯನ್ನು ಬಿಡಿಸಿದಳು. ಒಂದು ಪುಟ ಓದಿ ಸಾರು ಕದಡುವುದು, ಮತ್ತೊಂದು ಪುಟ. ಅದು ಅವಳ ಗುಟ್ಟಿನ ಲೆಕ್ಕ. ಆದರೆ ಓದಿದ ಸಾಲನ್ನೇ ಕಣ್ಣು ಮತ್ತೆ ಮತ್ತೆ ಓದುತ್ತಿತ್ತು. ಹಿಂದೆ ಹೆಜ್ಜೆ ಸಪ್ಪಳವಾದಾಗ ಪುಸ್ತಕವನ್ನು ಥಟ್ಟನೆ ಹಿಟ್ಟಿನ ಬಟ್ಟೆಯ ಕೆಳಗೆ ತುರುಕಿದಳು.

ಬೆರ್ಮೆತ್ ನೀರು ಕುಡಿಯಲು ಬಂದಿದ್ದಳು. ಹಿಟ್ಟಿನ ಬಟ್ಟೆಯನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. "ಓದಿ ಅತ್ತಿಗೆ. ಅಮ್ಮ ಇನ್ನೂ ಬಂದಿಲ್ವಲ್ಲ" ಎಂದಳು.

ಮಿರಗುಲಳ ಕಿವಿ ಬಿಸಿಯಾಯಿತು. ಹುಡುಗಿಯ ಮಾತಿನಲ್ಲಿ ಕೊಂಕಿರಲಿಲ್ಲ. ಕಂಡದ್ದನ್ನು ಹೇಳಿದ್ದಳು, ಅಷ್ಟೆ. ಇವಳಿಗೆ ಎಲ್ಲ ಕಾಣುತ್ತದೆ, ಹಾಗಾದರೆ. ಪುಸ್ತಕ ಹಿಟ್ಟಿನಡಿಯಿಂದ ಹೊರಬಂದಾಗ ಅದರ ಬೆನ್ನ ಮೇಲೆ ಬಿಳಿಯ ಬೆರಳಚ್ಚುಗಳಿದ್ದವು.

ಒಳಗೆ ಸಂಗೀತ ಜೋರಾಯಿತು. ಅವಳು ಬಾಗಿಲಿಗೆ ಬಂದು ನಿಂತಳು. ಪರದೆಯ ಮೇಲೆ ಆ ಹುಡುಗ ಒಂದು ಬಾವಿಯ ಬಳಿ ಮುಸುಕು ಹಾಕಿದ ಹೆಂಗಸಿನ ಕೈಯಿಂದ ನೀರು ಕುಡಿಯುತ್ತಿದ್ದ. ನೋಡುವವರಿಗೆಲ್ಲ ಗೊತ್ತು ಅವಳು ಯಾರೆಂದು, ಅವನಿಗೆ ಗೊತ್ತಿಲ್ಲ. ಅವಳು ಅವನ ಕತ್ತಿನ ಮಚ್ಚೆಯನ್ನು ನೋಡುತ್ತಾಳೆ, ಬಿಂದಿಗೆ ಜಾರುತ್ತದೆ. ಮಿರಗುಲಳ ಕೈ ತಾನಾಗಿ ರಿಮೋಟಿಗೆ ಹೋಯಿತು. "ಸಾಕು, ಕಣ್ಣು ಹಾಳಾಗತ್ತೆ. ಬೇರೆ ಏನಾದ್ರೂ ಹಾಕ್ತೀನಿ."

"ಅಯ್ಯೋ ಬಿಡಮ್ಮಾ" ಎಂದು ತಾಲಾಯ್ ಕಿರುಚಿದ.

"ಇರಲಿ ಅತ್ತಿಗೆ" ಎಂದಳು ಬೆರ್ಮೆತ್, ಪರದೆಯಿಂದ ಕಣ್ಣು ತೆಗೆಯದೆ. "ಅವಳು ಈಗ ಹೇಳಲ್ಲ. ಕೊನೇಲಿ ಹೇಳ್ತಾಳೆ. ಸಿನಿಮಾದಲ್ಲಿ ಯಾವಾಗ್ಲೂ ಕೊನೇಲೇ."

ಮಿರಗುಲ್ ಕೂತುಬಿಟ್ಟಳು. ಈಗ ಕೇಳುತ್ತಾಳೆ ಎಂದುಕೊಂಡಳು. ಹುಡುಗಿ ಕೇಳಲಿಲ್ಲ. ಸೋಫಾದ ಅಂಚಿನಲ್ಲಿ ಅವರಿಬ್ಬರ ಮೊಣಕಾಲುಗಳ ನಡುವೆ ಒಂದು ಅಂಗೈ ಅಗಲದ ಜಾಗವಿತ್ತು, ಆ ಜಾಗದಲ್ಲಿ ತಾಲಾಯ್ ತನ್ನ ಕಾಲುಗಳನ್ನು ಚಾಚಿ, ಒಂದನ್ನು ಇವಳ ಮೇಲೆ ಒಂದನ್ನು ಅವಳ ಮೇಲೆ ಹಾಕಿ ಮಲಗಿದ್ದ. ಎಷ್ಟು ಸುಲಭ ಅವನಿಗೆ. ಅವನು ಹುಟ್ಟಿದಾಗ ಮಾವ ತೀರಿಹೋಗಿದ್ದರು. ಅತ್ತೆ ತೊಟ್ಟಿಲ ಬಳಿ ಬಂದು, ತಮಾಷೆಗೋ ನಿಜಕ್ಕೋ ತಿಳಿಯದ ಹಾಗೆ, ಎರಡೂ ಕೈ ಚಾಚಿ, "ಇವನ್ನೂ ಕೊಡ್ತೀಯೇನೇ, ನನ್ನ ಹುಡುಗಿಗೆ ಜೊತೆಯಾಗ್ತಾನೆ" ಎಂದಿದ್ದಳು. "ಇಲ್ಲ" ಎಂದಿದ್ದಳು ಮಿರಗುಲ್. ಅಷ್ಟೆ. ಕೂಗಲಿಲ್ಲ, ಅಳಲಿಲ್ಲ. ಮಗುವನ್ನು ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡು, "ಸರಿ ಬಿಡು" ಎಂದು ಚಹಾ ಮಾಡಲು ಹೋದಳು. ಅಷ್ಟು ಚಿಕ್ಕ ಮಾತು ಸಾಕಾಗಿತ್ತು. ಆಕಾಶ ಬೀಳಲಿಲ್ಲ, ಯಾರೂ ಮನೆ ಬಿಟ್ಟು ಹೋಗಲಿಲ್ಲ. ಆ ದಿನದಿಂದ ಮಿರಗುಲಳನ್ನು ಸುಡುತ್ತಿದ್ದದ್ದು ಮೊದಲ ಮಗುವನ್ನು ಕೊಟ್ಟದ್ದಲ್ಲ, ಎರಡನೆಯದನ್ನು ಉಳಿಸಿಕೊಳ್ಳುವುದು ಅಷ್ಟು ಸಲೀಸಾಗಿತ್ತು ಎಂಬುದು.

ಸಿನಿಮಾ ಮುಗಿಯುವ ಮೊದಲೇ ಕರೆಂಟು ಹೋಯಿತು. ತಾಯಿ ಹೇಳಿದಳೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ತಾಲಾಯ್ ರಂಪ ಮಾಡಿದ. ಅವನನ್ನು ಸುಮ್ಮನಾಗಿಸಲು ಅವಳು ಕಿಟಕಿಯ ಬೆಳಕಿಗೆ ಕೂತು ನರಿಯ ಕಥೆಯ ಪುಸ್ತಕ ಓದಿದಳು. ನಡುವೆ ಎದ್ದು ಬೊರ್ಸೋಕ್ ಕರಿಯಬೇಕಾದಾಗ, "ನೀನು ಓದು, ಮುದ್ದುಹುಡುಗಿ" ಎಂದು ಪುಸ್ತಕ ಕೊಟ್ಟಳು. ಬೆರ್ಮೆತ್ ಪದ ಪದವಾಗಿ ಬೆರಳಿಟ್ಟು ಓದಿದಳು. ಒಂದು ಕಡೆ ತಡೆದಾಗ ತಾಲಾಯ್, "ಅಮ್ಮ ಇಲ್ಲಿ ನರಿ ಥರ ಕೂಗ್ತಾಳೆ, ನಿಂಗೆ ಬರಲ್ಲ" ಎಂದ. ಹುಡುಗಿಯ ಬೆರಳು ನಿಂತಿತು. "ನಿಮ್ಮಮ್ಮ ನಿಂಗೆ ಓದಿದಾಳೆ. ನಂಗೆ ಯಾರೂ ನರಿ ಥರ ಕೂಗಿ ಓದಿಲ್ಲ" ಎಂದಳು. ಜಗಳದ ಧ್ವನಿಯಲ್ಲ; ಲೆಕ್ಕ ಹೇಳುವವರ ಧ್ವನಿ. ಎಣ್ಣೆಯಿಂದ ಒಂದು ಹನಿ ಸಿಡಿದು ಮಿರಗುಲಳ ಮಣಿಕಟ್ಟಿನ ಮೇಲೆ ಬಿತ್ತು. ಅವಳು ಕೈ ಕೊಡವಲಿಲ್ಲ.

ಹೊರಗೆ ಬೆಳಕು ಇಳಿಯುತ್ತಿತ್ತು. ಶಿರ್ದಾಕ್ ಇನ್ನೂ ಹಿಮದ ಮೇಲಿರುವುದು ಆಗ ನೆನಪಾಯಿತು. "ನಾನು ತರ್ತೀನಿ" ಎಂದು ಬೆರ್ಮೆತ್ ಬೂಟಿಗೆ ಕಾಲು ತೂರಿಸಿದಳು. "ಭಾರ ಇದೆ, ಇರು" ಎನ್ನುವಷ್ಟರಲ್ಲಿ ಇಳಿದುಹೋದಳು. ಮಿರಗುಲ್ ಒಂದು ಬಾಣಲೆ ಬೊರ್ಸೋಕ್ ತೆಗೆದಳು, ಇನ್ನೊಂದು ಬಿಟ್ಟಳು, ಅದೂ ಕೆಂಪಗಾಯಿತು. ಹುಡುಗಿ ಬರಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದಳು. ಉಯ್ಯಾಲೆಯ ಆಚೆ ಬೂದು ಮಚ್ಚೆಗಳಿದ್ದವು, ಶಿರ್ದಾಕ್ ಇರಲಿಲ್ಲ, ಯಾರೂ ಇರಲಿಲ್ಲ.

ಒಲೆ ಆರಿಸಿದಳೋ ಇಲ್ಲವೋ ತಿಳಿಯದೆ, ತಾಲಾಯ್‌ಗೆ "ಅಲ್ಲಾಡಬೇಡ" ಎಂದು, ಮೈಮೇಲೆ ಶಾಲು ಕೂಡ ಇಲ್ಲದೆ ಮೆಟ್ಟಿಲಿಳಿದಳು. ಅಂಗಳದ ಗೇಟು ತೆರೆದಿತ್ತು. ಆಚೆ ನದಿಯ ದಾರಿ, ಬಸ್ಸು ನಿಲ್ಲುವ ಜಾಗ. ಹಳ್ಳಿಯ ಹುಡುಗಿ ಅವಳು, ಬಸ್ಸು ಗೊತ್ತು, ದಾರಿ ಗೊತ್ತು. ಬೆಳಿಗ್ಗೆಯ ಮಾತು ಕಿವಿಗೆ ಬಿದ್ದು ದಿನವೆಲ್ಲ ಒಳಗೇ ಕುದಿದು ಹೊರಟುಹೋದಳೇ. ಚಳಿ ಮೂಗಿನೊಳಗಿನ ಉಸಿರನ್ನು ಗಟ್ಟಿ ಮಾಡುತ್ತಿತ್ತು. ಕೂಗಬೇಕು. ಏನೆಂದು? ಮುದ್ದುಹುಡುಗಿ ಎಂದು ಬೀದಿಯಲ್ಲಿ ಕೂಗಿದರೆ ಯಾರು ತಿರುಗುತ್ತಾರೆ? ಬಾಯಿ ತೆರೆದಳು, ನಾಲಿಗೆ ಹಳೆಯ ಅಭ್ಯಾಸದಿಂದ ಹಿಂದೆಗೆಯಿತು, ಆಮೇಲೆ ಎದೆಯ ತಳದಿಂದ ಬಂತು ಅದು:

"ಬೆರ್ಮೆತ್! ಬೆರ್ಮೆತ್!"

ಕೆಳಮನೆಯ ಕಿಟಕಿಯಲ್ಲಿ ಕಾನಿಶಾಯಳ ಪರದೆ ಸರಿಯಿತು. ಕಟ್ಟಡದ ಹಿಂಬದಿಯಿಂದ, ಯಾರೂ ತುಳಿಯದ ಹಿಮ ಇನ್ನೂ ಉಳಿದಿದ್ದ ಕಡೆಯಿಂದ, "ಇಲ್ಲಿದೀನಿ" ಎಂಬ ಧ್ವನಿ ಬಂತು.

ಹುಡುಗಿ ಶಿರ್ದಾಕನ್ನು ಅಲ್ಲಿಯವರೆಗೆ ಎಳೆದುಕೊಂಡು ಹೋಗಿದ್ದಳು. ಬೋರಲು ಹಾಸಿ, ಎಡಗೈಯಲ್ಲಿ ಬಡಿಗೆ ಹಿಡಿದು ಬಡಿಯುತ್ತಿದ್ದಳು. ಕೆನ್ನೆ ಕೆಂಪಗಾಗಿತ್ತು. "ಮಚ್ಚೆ ಇನ್ನೂ ಬೀಳ್ತಿತ್ತು" ಎಂದಳು. "ಅಮ್ಮ ಬೆರಳಿಟ್ಟು ನೋಡಿದ್ರೆ ನಿಮ್ಮನ್ನ ಬೈತಾಳೆ. ಬಾಯಲ್ಲಿ ಬೈಯಲ್ಲ, ಆದ್ರೂ."

ಮಿರಗುಲಳ ತೋಳುಗಳು ಮುಂದಕ್ಕೆ ಬರಲು ನೋಡಿದವು, ಅವಳು ಅವುಗಳಿಗೆ ಒಂದು ಕೆಲಸ ಕೊಟ್ಟಳು: ಬಗ್ಗಿ ಹಾಸಿನ ಒಂದು ಅಂಚನ್ನು ಹಿಡಿದಳು. ಹುಡುಗಿ ಇನ್ನೊಂದು ಅಂಚನ್ನು ಹಿಡಿದಳು. ಅಂಟಿದ ಹಿಮವನ್ನು ಕೊಡವಲು ಇಬ್ಬರೂ ಒಟ್ಟಿಗೆ ಎತ್ತಿ ಒಟ್ಟಿಗೆ ಇಳಿಸಬೇಕು. ಒಬ್ಬರು ತಪ್ಪಿದರೆ ಇನ್ನೊಬ್ಬರ ಕೈ ಜಗ್ಗುತ್ತದೆ. ಮೊದಲ ಸಲ ತಪ್ಪಿತು. ಆಮೇಲೆ ಹೊಂದಿತು. ಕೆಂಪು ಕಪ್ಪು ಕೊಂಬುಗಳು ಅವರ ನಡುವೆ ಎದ್ದು ಬಿದ್ದವು, ಪುಡಿಹಿಮ ಇಬ್ಬರ ಮುಖಕ್ಕೂ ಹಾರಿತು.

"ನನ್ನ ಹೆಸರು ಕರೆದ್ರಿ" ಎಂದಳು ಬೆರ್ಮೆತ್.

"ಹೂಂ."

"ಕಾನಿಶಾಯ್ ಅಜ್ಜಿ ಬೆಳಿಗ್ಗೆ ಹೇಳಿದ್ದು ಕೇಳಿಸ್ತು ನಂಗೆ."

ಮಿರಗುಲಳ ಬೆರಳುಗಳು ಉಣ್ಣೆಯೊಳಗೆ ಇಳಿದವು. ಸಿದ್ಧ ಮಾಡಿಟ್ಟ ಮಾತುಗಳು ಗಂಟಲಿಗೆ ಬಂದು ಸಾಲಾಗಿ ನಿಂತವು. ಹೌದು ಕಂದಾ. ನಾನಾಗ ತುಂಬ ಚಿಕ್ಕವಳು. ಕೇಳು, ಬೇಗ ಕೇಳು. ದೂರದಲ್ಲಿ, ನದಿಯ ತಿರುವಿನಲ್ಲಿ, ಒಂದು ಗಾಡಿಯ ದೀಪ ಹಿಮದ ಮೇಲೆ ಹಳದಿ ಚೆಲ್ಲುತ್ತ ಬರುತ್ತಿತ್ತು.

"ಅದು ನಂಗೆ ಹೊಸದೇನಲ್ಲ" ಎಂದಳು ಹುಡುಗಿ. ಹಾಸನ್ನು ಎತ್ತಿದಳು, ಇಳಿಸಿದಳು. "ಊರಲ್ಲಿ ಎಲ್ರಿಗೂ ಗೊತ್ತು. ಕುರಿ ಕಾಯೋ ಕಿವುಡ ತಾತಂಗೂ ಗೊತ್ತು. ನಂಗೆ ಗೊತ್ತು ಅನ್ನೋದು ಅಮ್ಮಂಗೆ ಮಾತ್ರ ಗೊತ್ತಿಲ್ಲ. ಪಾಪ, ಬೇಜಾರ್ ಮಾಡ್ಕೋತಾಳೆ ಅಂತ ಹೇಳಿಲ್ಲ."

ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಈ ಮಗು ತನ್ನ ಪುಟ್ಟ ಎಡಗೈಯಲ್ಲಿ ಸುಮ್ಮನೆ ಹಿಡಿದುಕೊಂಡು ಓಡಾಡಿತ್ತು. ಈ ಚಳಿಗಾಲವೆಲ್ಲ, ಮೇಜಿನ ಆಚೆ ಬದಿಯಲ್ಲಿ ಚಹಾ ಊದುತ್ತ, ಮಡಿಲಿನಿಂದ ತಾಲಾಯ್ ಇಳಿಯುವುದನ್ನು, ಏರುವುದನ್ನು ನೋಡಿತ್ತು. ಗಾಡಿಯ ದೀಪ ಗೇಟಿನ ಕಂಬವನ್ನು ಮುಟ್ಟಿತು, ಕಟ್ಟಡದ ಮೂಲೆಯಿಂದ ಹೊರಳಿ ಶಿರ್ದಾಕಿನ ಮೇಲೆ ಬಿತ್ತು. ಮೇಲೆ ಹಿಂಬದಿಯ ಕಿಟಕಿಗೆ ಮೂಗು ಒತ್ತಿಕೊಂಡು ತಾಲಾಯ್, "ಅಪ್ಪ ಬಂದ, ಅಜ್ಜಿ ಬಂದ್ಳು" ಎಂದು ಗಾಜು ಬಡಿಯುತ್ತಿದ್ದ. ಬೆರ್ಮೆತ್ ಅವನನ್ನು ತಲೆಯೆತ್ತಿ ನೋಡಿದಳು, ತುಂಬ ಹೊತ್ತು. ಅವಳ ಕೈಗಳು ಹಾಸನ್ನು ಕೊಡವುವುದನ್ನು ನಿಲ್ಲಿಸಿದವು, ಆದರೆ ಅಂಚನ್ನು ಬಿಡಲಿಲ್ಲ.

"ತಾಲಾಯ್‌ನ ಯಾಕೆ ಕೊಡ್ಲಿಲ್ಲ?" ಎಂದು ಕೇಳಿದಳು.